ಇಂಗ್ಲಿಷ್ ಕ್ರಿಯಾಪದಗಳೂ ಅವುಗಳನ್ನು ಹಿಂಬಾಲಿಸುವ ಅವ್ಯಯಗಳೂ: ಒಂದು ಚಾರಿತ್ರಿಕ ವಿವೇಚನೆ

ಹೈದರಲಿಯು ೧೭೮೨ನೆಯ ಇಸವಿಯ ಡಿಸೆಂಬರಿನಲ್ಲಿ ಮಡಿದನು. ಅವನ ತರುವಾಯ ಟಿಪ್ಪು ಮೈಸೂರಿನ ಅಧಿಕಾರಕ್ಕೆ ಬಂದನು. ಈ ಸಂಗತಿಯನ್ನು ಇಂಗ್ಲಿಷಿನಲ್ಲಿ ಬರೆಯುವವರು ‘ಸಕ್ಸೀಡ್’ ಎಂಬ ಕ್ರಿಯಾಪದವನ್ನು ಬಳಸುವುದು ವಾಡಿಕೆ. ಹೈದರನ ಹೆಸರನ್ನು ಹೇಳುವುದಾದರೆ ಆ ಕ್ರಿಯಾಪದಕ್ಕೂ ಹೆಸರಿಗೂ ನಡುವೆ ಯಾವ ಅವ್ಯಯವೂ ಬರಕೂಡದು. ಸಿಂಹಾಸನವನ್ನು ಹೇಳುವುದಾದರೆ ‘ಸಕ್ಸೀಡ್ ಟು’ ಎಂದಾಗಬೇಕು. ಒಂದು ಉದ್ಯಮದಲ್ಲಿ ಜಯ ದೊರೆಯಿತೆಂದು ಹೇಳುವುದಾದರೆ ‘ಸಕ್ಸೀಡ್ ಇನ್’ ಎಂದಾಗಬೇಕು. ನಮ್ಮ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಟಿಪ್ಪುವು ಹೈದರನಿಗೆ ‘ಸಕ್ಸೀಡ್ ಟು’ ಆಗುವುದೂ, ಸಿಂಹಾಸನದಲ್ಲಿ ‘ಸಕ್ಸೀಡ್ ಇನ್’ ಆಗುವುದೂ ಅಪರೂಪವಲ್ಲ. ಇಸವಿ ಸರಿ, ಹೆಸರು ಸರಿ, ಘಟನೆ ಸರಿ. ಎರಡಕ್ಷರದ ಒಂದು ಪದ ಮಾತ್ರ ತಪ್ಪು. ಆದರೆ ಓದುವವರಿಗೆ ರಾಜ್ಯಪ್ರಾಪ್ತಿಯೊಂದು ಪರೀಕ್ಷೆಯಲ್ಲಿ ತೇರ್ಗಡೆಯಾದಂತೆ ತೋರುತ್ತದೆ.

ವ್ಯಾಕರಣಕ್ಕೆ ಸೇರಿದ ಈ ವಿಷಯಕ್ಕೆ ಚರಿತ್ರೆಯ ಅಧ್ಯಾಪಕರಾದ ನಾವು ಕೈಹಾಕುವುದು ಅನಧಿಕಾರ ಚೇಷ್ಟೆಯೆಂದು ಕೆಲವರಿಗೆ ತೋರಬಹುದು. ಅದಕ್ಕೆ ನಮಗಿರುವ ಸಮಾಧಾನಗಳು ಎರಡು. ಮೊದಲನೆಯದಾಗಿ, ಕ್ರಿಯಾಪದಕ್ಕೂ ಅವ್ಯಯಕ್ಕೂ ಇರುವ ಸಂಬಂಧವನ್ನು ತರ್ಕದಿಂದ ಸಾಧಿಸಲು ಹೊರಟವರು ಯಾರೂ ಪೂರ್ತಿಯಾಗಿ ಗೆದ್ದಿಲ್ಲ. ಆ ಸಂಬಂಧ ಏಕೆ ಹೀಗಿದೆಯೆಂಬುದನ್ನು ಬಹುಮಟ್ಟಿಗೆ ಚರಿತ್ರೆಯೇ ಹೇಳಬೇಕು. ಎರಡನೆಯದಾಗಿ, ನಮ್ಮ ದೇಶದ ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳ ಆಧಾರಗ್ರಂಥಗಳಲ್ಲಿ ಬಹು ಭಾಗ ಇಂಗ್ಲಿಷಿನಲ್ಲಿವೆ. ಅವುಗಳನ್ನು ಓದುವಾಗ ಒಂದು ಅವ್ಯಯವನ್ನು ತಪ್ಪಾಗಿ ತಿಳಿದರೆ ತಪ್ಪು ವ್ಯಾಕರಣದಲ್ಲಿ ನಿಲ್ಲದೆ ಚರಿತ್ರೆಯೊಳಕ್ಕೇ ನುಗ್ಗುತ್ತದೆ.

ಪರಿಭಾಷೆಯ ಬಗೆಗೆ ಒಂದು ಮಾತು. ಇಂಗ್ಲಿಷ್ ವೈಯಾಕರಣರು ಪ್ರಿಪೊಸಿಷನ್ ಎಂದು ಕರೆಯುವುದನ್ನೂ, ಕ್ರಿಯಾಪದದೊಡನೆ ಬಂದು ಅದರ ಅರ್ಥವನ್ನೇ ಬದಲಿಸುವ ‘ಅಪ್’, ‘ಔಟ್’ ಮೊದಲಾದ ಕ್ರಿಯಾವಿಶೇಷಣಗಳನ್ನೂ ಇಲ್ಲಿ ‘ಅವ್ಯಯ’ವೆಂಬ ಒಂದೇ ಹೆಸರಿನಿಂದ ಕರೆದಿದ್ದೇವೆ, ಭೇದವನ್ನು ಹೇಳಬೇಕಾದೆಡೆ ಹೇಳಿದೆ. ಷಷ್ಠಿಯ ಅರ್ಥವನ್ನು ಕೊಡುವ ಪದವನ್ನು ಉಚ್ಚಾರಣೆಗನುಸಾರವಾಗಿ ‘ಆವ್’ ಎಂದೂ, ಅಗಲಿಕೆಯನ್ನು ಹೇಳುವ ಪದವನ್ನು ‘ಆಫ್’ ಎಂದೂ ಬರೆದಿದ್ದೇವೆ. ಈ ಎರಡನ್ನೂ ಕನ್ನಡದಲ್ಲಿ ಒಂದೇ ತೆರನಾಗಿ ಬರೆಯುವ ರೂಢಿಯುಂಟು. ಆದರೆ ಮುಂದೆ ಬರುವ ವಾದ ಈ ಭೇದವನ್ನು ಅವಲಂಬಿಸಿದೆ.

ಕ್ರಿಯಾಪದವು ತನಗೆ ಬೇಕಾದ ವಿಭಕ್ತಿಯನ್ನು ತಾನೇ ಆರಿಸಿಕೊಳ್ಳುವುದು ಕನ್ನಡಿಗರಿಗೆ ಹೊಸ ಸಂಗತಿಯಲ್ಲ. ‘ಸೇರು’ ಎಂಬ ಧಾತುವನ್ನೇ ನೋಡಬಹುದು. ಸೈನ್ಯವು ಸಂಜೆಗೆ ಊರನ್ನು ಸೇರಿತು ಎಂದರೆ ತಲುಪಿತು ಎಂದರ್ಥ. ಪಾಳೆಯಗಾರನು ಶತ್ರುಪಕ್ಷಕ್ಕೆ ಸೇರಿದನು ಎಂದರೆ ಅದರಲ್ಲಿ ಒಬ್ಬನಾದನು ಎಂದರ್ಥ. ಈ ಗ್ರಾಮವು ಮಠಕ್ಕೆ ಸೇರಿದುದು ಎಂದರೆ ಒಡೆತನದ ಮಾತು. ಅನ್ಯಭಾಷೆಯವನೊಬ್ಬನು ಕನ್ನಡವನ್ನು ಕಲಿಯುವಾಗ ಇಲ್ಲಿ ಎಡವುತ್ತಾನೆ. ನಾವು ಎಡವುವುದಿಲ್ಲ, ಏಕೆಂದರೆ ನಾವು ಇದನ್ನು ನಿಯಮವೆಂದು ಕಲಿತವರಲ್ಲ. ಒಂದು ವಿಭಕ್ತಿಯ ಸ್ಥಾನದಲ್ಲಿ ಮತ್ತೊಂದು ಬರುವುದನ್ನು ಹದಿಮೂರನೆಯ ಶತಮಾನದ ಕೇಶಿರಾಜನೂ ಗಮನಿಸಿದ್ದಾನೆ. ವಿಭಕ್ತಿಪಲ್ಲಟವೆಂಬ ಹೆಸರಿನಿಂದ ಅದು ನಮ್ಮ ವ್ಯಾಕರಣಗಳಲ್ಲಿ ನೆಲೆಸಿದೆ. ಹೆದರಿಕೆಯ ವಿಷಯವನ್ನು ತೆಗೆದುಕೊಂಡರೆ ಭೇದ ಇನ್ನೂ ಸ್ಪಷ್ಟವಾಗುತ್ತದೆ. ಕನ್ನಡದವನು ಹುಲಿಗೆ ಹೆದರುತ್ತಾನೆ, ಅದು ಚತುರ್ಥಿ. ಸಂಸ್ಕೃತದಲ್ಲಿ ಭಯಕ್ಕೆ ಕಾರಣವಾದುದು ಪಂಚಮಿಯಲ್ಲಿ ನಿಲ್ಲಬೇಕೆಂದು ಪಾಣಿನಿಯು ವಿಧಿಸಿದ್ದಾನೆ. ಇಂಗ್ಲಿಷಿನಲ್ಲಿ ‘ಫಿಯರ್’ ಎಂಬ ಕ್ರಿಯಾಪದಕ್ಕೆ ಹುಲಿ ನೇರವಾಗಿ ಕರ್ಮವಾಗುತ್ತದೆ. ಆದರೆ ‘ಅಫ್ರೇಡ್’ ಎಂದೊಡನೆ ‘ಆವ್’ ಬಂದು ನಿಲ್ಲುತ್ತದೆ. ಹುಲಿಯೂ ಒಂದೇ, ಹೆದರಿಕೆಯೂ ಒಂದೇ. ಇವುಗಳಲ್ಲಿ ಯಾವುದನ್ನೂ ಅತಾರ್ಕಿಕವೆಂದು ಜರೆಯಲಾಗದು, ಯಾವುದನ್ನೂ ತರ್ಕದಿಂದ ಊಹಿಸಲೂ ಆಗದು.

ಸಂಸ್ಕೃತದ ಉಪಸರ್ಗಗಳು ನಮಗೆ ಇನ್ನೂ ಹತ್ತಿರದ ಹೋಲಿಕೆಯನ್ನು ಒದಗಿಸುತ್ತವೆ. ಒಂದೇ ‘ಹೃ’ ಧಾತುವಿನಿಂದ ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ ಎಂಬ ಪದಗಳು ಹುಟ್ಟುತ್ತವೆ. ಉಪಸರ್ಗವು ಧಾತ್ವರ್ಥವನ್ನು ಬೇರೆಡೆಗೆ ಎಳೆದೊಯ್ಯುತ್ತದೆಯೆಂದು ಪಾಠಶಾಲೆಯ ಬಾಲಕನೂ ಬಲ್ಲನು. ಇದರಲ್ಲಿ ಚರಿತ್ರೆಯ ದೃಷ್ಟಿಯಿಂದ ಗಮನಾರ್ಹವಾದ ಅಂಶವೊಂದಿದೆ. ವೇದಗಳ ಭಾಷೆಯಲ್ಲಿ ಉಪಸರ್ಗವು ಕ್ರಿಯಾಪದದಿಂದ ದೂರ ಸರಿದು ನಿಲ್ಲಬಹುದು, ಅದರ ಹಿಂದೆಯೂ ಬರಬಹುದು. ಪಾಣಿನಿಯು ಅಷ್ಟಾಧ್ಯಾಯಿಯ ಮೊದಲ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಇದನ್ನು ಛಂದಸ್ಸಿನ, ಎಂದರೆ ವೇದಭಾಷೆಯ, ವಿಶೇಷವೆಂದು ಹೇಳುತ್ತಾನೆ. ಲೌಕಿಕ ಸಂಸ್ಕೃತದಲ್ಲಿ ಅದು ಧಾತುವಿನ ಮುಂದೆ ಬಿಡದಂತೆ ಅಂಟಿಕೊಂಡಿತು. ಬಿಡಿಯಾಗಿದ್ದುದು ಅಲ್ಲಿ ಕೂಡಿಕೊಂಡಿತು. ಇಂಗ್ಲಿಷಿನ ಕಥೆ ಇದಕ್ಕೆ ವಿಪರೀತವಾದುದು.

ಹನ್ನೊಂದನೆಯ ಶತಮಾನಕ್ಕೆ ಹಿಂದಿನ ಪ್ರಾಚೀನ ಇಂಗ್ಲಿಷಿನಲ್ಲಿ ನಾಮಪದಗಳಿಗೆ ವಿಭಕ್ತಿಪ್ರತ್ಯಯಗಳಿದ್ದವು. ಕ್ರಿಯಾಪದಗಳಿಗೆ ಸಂಸ್ಕೃತದಲ್ಲಿರುವಂತೆ ಮುಂದೆ ಅಂಟಿದ ಉಪಸರ್ಗಗಳೂ ಇದ್ದವು. ಇಂದಿನ ‘ಅಂಡರ್‌ಸ್ಟ್ಯಾಂಡ್’, ‘ಓವರ್‌ಕಮ್’, ‘ಫರ್ಗಿವ್’, ‘ವಿತ್‌ಸ್ಟ್ಯಾಂಡ್’ ಎಂಬುವು ಆ ಕಾಲದ ಅವಶೇಷಗಳು. ಕೃತಜ್ಞತೆಯನ್ನು ಹೇಳುವ ಕ್ರಿಯಾಪದಕ್ಕೆ ಉಪಕಾರ ಮಾಡಿದವನು ಚತುರ್ಥಿಯಲ್ಲಿಯೂ ಉಪಕಾರವು ಷಷ್ಠಿಯಲ್ಲಿಯೂ ಬರುತ್ತಿದ್ದವು. ನಡುವೆ ಅವ್ಯಯದ ಆವಶ್ಯಕತೆಯಿರಲಿಲ್ಲ. ಕಾಲಕ್ರಮದಲ್ಲಿ ಪ್ರತ್ಯಯಗಳು ಸವೆದುಹೋದುವು. ಪ್ರತ್ಯಯಗಳು ಮಾಡುತ್ತಿದ್ದ ಕೆಲಸವನ್ನು ಅವ್ಯಯಗಳು ವಹಿಸಿಕೊಳ್ಳಬೇಕಾಯಿತು. ‘ಥ್ಯಾಂಕ್’ ಎಂಬುದಕ್ಕೆ ಮೊದಲು ‘ಆವ್’ ಬಂದು, ಆಮೇಲೆ ಅದನ್ನು ತಳ್ಳಿ ‘ಫಾರ್’ ನಿಂತುದು ಈ ಮಾರ್ಗದಲ್ಲಿಯೇ. ಎಂದರೆ ಇಂದು ಯಾವುದೋ ಕ್ರಿಯಾಪದದ ಹಿಂದೆ ಅಕಾರಣವಾಗಿ ನಿಂತಂತೆ ಕಾಣುವ ಪದವು ಅನೇಕ ವೇಳೆ ಅಳಿದುಹೋದ ಒಂದು ವಿಭಕ್ತಿಯ ಸ್ಥಾನದಲ್ಲಿ ನಿಂತಿದೆ.

ಇಂಥ ಅವ್ಯಯಗಳಲ್ಲಿ ಎರಡನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ. ‘ವಿತ್’ ಎಂಬುದಕ್ಕೆ ಪ್ರಾಚೀನ ಇಂಗ್ಲಿಷಿನಲ್ಲಿ ‘ಎದುರಾಗಿ, ವಿರುದ್ಧವಾಗಿ’ ಎಂಬುದೇ ಮುಖ್ಯಾರ್ಥ. ‘ವಿತ್‌ಸ್ಟ್ಯಾಂಡ್’ ಎಂದರೆ ಎದುರು ನಿಲ್ಲುವುದು. ‘ಜೊತೆಗೆ’ ಎಂಬ ಅರ್ಥಕ್ಕೆ ‘ಮಿಡ್’ ಎಂಬ ಬೇರೊಂದು ಪದವಿದ್ದಿತು; ಅದು ಜರ್ಮನ್ ಭಾಷೆಯ ‘ಮಿಟ್’ ಎಂಬುದರ ಸೋದರ. ಮಧ್ಯಯುಗದಲ್ಲಿ ‘ವಿತ್’ ಎಂಬುದು ‘ಮಿಡ್’ನ ಅರ್ಥವನ್ನೂ ನುಂಗಿಕೊಂಡು ಅದನ್ನು ಭಾಷೆಯಿಂದಲೇ ಹೊರದೂಡಿತು. ಸೂಲಗಿತ್ತಿಗೆ ಇಂಗ್ಲಿಷಿನಲ್ಲಿರುವ ‘ಮಿಡ್‌ವೈಫ್’ ಎಂಬ ಹೆಸರಿನಲ್ಲಿ ಮಾತ್ರ, ಹೆರುವವಳ ಜೊತೆಗಿರುವ ಹೆಂಗಸು ಎಂಬರ್ಥದಲ್ಲಿ, ಆ ಹಳೆಯ ಪದ ಅಡಗಿ ಕುಳಿತಿದೆ. ಹೀಗೆ ಮೈತ್ರಿಯನ್ನೂ ವೈರವನ್ನೂ ಒಂದೇ ಪದ ಹೇಳಬೇಕಾಗಿ ಬಂದುದರಿಂದ ‘ಕ್ವಾರಲ್ ವಿತ್’ ಎಂಬಲ್ಲಿಯೂ ‘ಅಗ್ರೀ ವಿತ್’ ಎಂಬಲ್ಲಿಯೂ ಅದೇ ‘ವಿತ್’ ಇದೆ. ಇನ್ನು ‘ಆವ್’ ಮತ್ತು ‘ಆಫ್’ ಎಂಬುವು ಮೂಲತಃ ಒಂದೇ ಪದದ ಎರಡು ಉಚ್ಚಾರಣೆಗಳು. ‘ಅಲ್ಲಿಂದ ದೂರಕ್ಕೆ’ ಎಂಬುದು ಆ ಪದದ ಮೂಲಾರ್ಥ. ಇವೆರಡೂ ಪೂರ್ತಿಯಾಗಿ ಬೇರ್ಪಟ್ಟುದು ಹದಿನೇಳನೆಯ ಶತಮಾನದ ಹೊತ್ತಿಗೆ. ‘ಡಿಪ್ರೈವ್ ಆವ್’, ‘ರಾಬ್ ಆವ್’, ‘ಕ್ಯೂರ್ ಆವ್’ ಎಂಬಲ್ಲೆಲ್ಲ ಷಷ್ಠಿಯನ್ನು ಹುಡುಕಿ ಬೇಸತ್ತ ವಿದ್ಯಾರ್ಥಿಗೆ, ಅದು ಷಷ್ಠಿಯಲ್ಲ, ನಮ್ಮ ‘ಇಂದ’ ಪ್ರತ್ಯಯದ ಬಂಧುವೆಂದು ತಿಳಿಸಿದರೆ ಅರ್ಧ ಕಷ್ಟ ನೀಗುತ್ತದೆ.

೧೦೬೬ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ತರುವಾಯ ಫ್ರೆಂಚ್ ಭಾಷೆ ಆಸ್ಥಾನ ನ್ಯಾಯಸ್ಥಾನಗಳಲ್ಲಿ ನೆಲೆಯೂರಿತು. ಜನಸಾಮಾನ್ಯರ ಇಂಗ್ಲಿಷ್ ವಿದ್ವಾಂಸರ ಲೇಖನಿಯಿಂದ ಬಹುಮಟ್ಟಿಗೆ ದೂರವಾಗಿ ತನ್ನಷ್ಟಕ್ಕೆ ಬೆಳೆಯಿತು. ಕ್ರಿಯಾಪದದ ಮುಂದೆ ಅಂಟಿಕೊಂಡಿದ್ದ ಉಪಸರ್ಗ ಬಿಡಿಯಾಗಿ ಹಿಂದಕ್ಕೆ ಬರುವ ಪದ್ಧತಿ ಈ ಅವಧಿಯಲ್ಲಿಯೇ ಬಲಗೊಂಡಿತು. ೧೧೫೪ರ ವೃತ್ತಾಂತದೊಡನೆ ನಿಂತುಹೋದ ಪೀಟರ್‌ಬರೊ ಮಠದ ವಾರ್ಷಿಕ ಚರಿತ್ರೆಯಲ್ಲಿ, ಕೋಟೆಗಳನ್ನು ಒಪ್ಪಿಸಿಬಿಡುವ ಸಂದರ್ಭದಲ್ಲಿ, ‘ಗಿವ್ ಅಪ್’ ಎಂಬ ಪ್ರಯೋಗದ ಪೂರ್ವರೂಪ ಕಾಣಸಿಗುತ್ತದೆ. ಉತ್ತರ ಮತ್ತು ಪೂರ್ವ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಸ್ಕಾಂಡಿನೇವಿಯನ್ನರ ಭಾಷೆ ಇದಕ್ಕೆ ಎಷ್ಟರಮಟ್ಟಿಗೆ ಕಾರಣವೆಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಆ ವಾದವನ್ನು ನಾವು ಇಲ್ಲಿ ಪ್ರವೇಶಿಸುವುದಿಲ್ಲ. ಫಲಿತಾಂಶವಂತೂ ಕಣ್ಣೆದುರಿಗಿದೆ. ಭಾಷೆಯಲ್ಲಿ ಎರಡು ಪದರಗಳು ಉಳಿದವು. ‘ಅಪ್‌ಹೋಲ್ಡ್’ ಎಂದರೆ ಎತ್ತಿಹಿಡಿಯುವುದು, ‘ಹೋಲ್ಡ್ ಅಪ್’ ಎಂದರೆ ತಡೆಯುವುದು. ‘ಓವರ್‌ಟೇಕ್’ ಎಂದರೆ ಹಿಂದಿಕ್ಕುವುದು, ‘ಟೇಕ್ ಓವರ್’ ಎಂದರೆ ವಹಿಸಿಕೊಳ್ಳುವುದು. ‘ಓವರ್‌ಲುಕ್’ ಮಾಡುವ ಪರೀಕ್ಷಕನು ತಪ್ಪನ್ನು ಕಾಣದೆ ಬಿಡುತ್ತಾನೆ, ‘ಲುಕ್ ಓವರ್’ ಮಾಡುವವನು ಪತ್ರಿಕೆಯ ಮೇಲೆ ಕಣ್ಣಾಡಿಸುತ್ತಾನೆ. ಮೊದಲಿನವು ಹಳೆಯ ಪದರದ ಮಾದರಿಯವು, ಎರಡನೆಯವು ಹೊಸ ಪದರದವು. ಎರಡೂ ಬಳಕೆಯಲ್ಲಿರುವುದರಿಂದ ಪರಭಾಷೆಯವನು ಒಂದರ ಸ್ಥಾನದಲ್ಲಿ ಇನ್ನೊಂದನ್ನಿಟ್ಟು ತೊಡಕಿಗೆ ಸಿಲುಕುತ್ತಾನೆ.

ಇದರ ಮೇಲೆ ಮೂರನೆಯ ಪದರವೊಂದು ಬಂದಿತು. ಫ್ರೆಂಚಿನಿಂದಲೂ, ಹದಿನಾರನೆಯ ಶತಮಾನದ ವಿದ್ಯಾಪುನರುಜ್ಜೀವನದ ಕಾಲದಲ್ಲಿ ನೇರವಾಗಿ ಲ್ಯಾಟಿನ್ನಿನಿಂದಲೂ ಬಂದ ಕ್ರಿಯಾಪದಗಳು ತಮ್ಮ ಉಪಸರ್ಗಗಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬಂದವು. ಅವುಗಳಲ್ಲಿ ಕೆಲವು, ಒಳಗಿನ ಉಪಸರ್ಗದ ಅರ್ಥವನ್ನೇ ಹೊರಗಿನ ಇಂಗ್ಲಿಷ್ ಅವ್ಯಯದಿಂದ ಮತ್ತೆ ಹೇಳಿಸುತ್ತವೆ. ‘ಅಡ್ಹಿಯರ್’ ಎಂಬುದರೊಳಗಿನ ‘ಅಡ್’ ಎಂದರೆ ‘ಟು’. ಆದುದರಿಂದ ‘ಅಡ್ಹಿಯರ್ ಟು’. ‘ಕಂಪೇರ್ ವಿತ್’, ‘ಕನ್ಕರ್ ವಿತ್’ ಎಂಬಲ್ಲಿ ‘ಕಾನ್’ ಎಂದರೆ ಕೂಡ. ‘ಆಬ್‌ಸ್ಟೇನ್ ಫ್ರಂ’, ‘ಡಿಫರ್ ಫ್ರಂ’ ಎಂಬಲ್ಲಿ ಒಳಗಡೆಯೇ ಅಗಲಿಕೆಯಿದೆ. ಈ ಸೂತ್ರ ವಿದ್ಯಾರ್ಥಿಗೆ ಬಹಳ ದೂರ ಸಹಾಯಕವಾಗುತ್ತದೆಂದು ನಾವು ಅನುಭವದಿಂದ ಹೇಳಬಲ್ಲೆವು. ಆದರೆ ಕೊನೆಯವರೆಗೆ ಅದು ಬರುವುದಿಲ್ಲ. ‘ಡಿಪೆಂಡ್’ ಎಂದರೆ ಲ್ಯಾಟಿನ್ನಿನಲ್ಲಿ ‘ಅದರಿಂದ ತೂಗುಬೀಳು’. ಸೂತ್ರದಂತೆ ‘ಫ್ರಂ’ ಬರಬೇಕು. ಹಿಂದೆ ಹಾಗೆಯೂ, ‘ಆವ್’ ಕೂಡಿಯೂ ಬಳಸಿದ್ದುಂಟು. ಆದರೆ ಗೆದ್ದುದು ‘ಆನ್’; ಬಹುಶಃ ಆಶ್ರಯದ ಭಾವನೆ ತೂಗಾಟದ ಭಾವನೆಯನ್ನು ಹಿಂದಿಕ್ಕಿರಬೇಕು.

ನಮ್ಮವರ ಬರಹದಲ್ಲಿ ಅತಿ ಹೆಚ್ಚು ನಿಂದೆಗೆ ಗುರಿಯಾದ ‘ಡಿಸ್ಕಸ್ ಅಬೌಟ್’ ಎಂಬ ಪ್ರಯೋಗವನ್ನು ಇಲ್ಲಿಯೇ ಪರಿಶೀಲಿಸಬಹುದು. ‘ಡಿಸ್ಕಸ್’ ಎಂಬುದರ ಲ್ಯಾಟಿನ್ ಮೂಲಕ್ಕೆ ಒದರಿ ಬಿಡಿಬಿಡಿಯಾಗಿಸುವುದೆಂದರ್ಥ. ಹಳೆಯ ಇಂಗ್ಲಿಷ್ ವೈದ್ಯಗ್ರಂಥಗಳಲ್ಲಿ ಬಾವನ್ನು ಕರಗಿಸುವುದಕ್ಕೂ ಈ ಪದ ಬಳಕೆಯಾಗಿದೆ. ಒದರಲ್ಪಡುವ ವಸ್ತು ನೇರವಾಗಿ ಕರ್ಮವಾಗುತ್ತದೆ. ವಿಷಯವನ್ನು ಬಿಡಿಸಿ ನೋಡುತ್ತೇವೆಯೇ ಹೊರತು ವಿಷಯದ ಬಗೆಗೆ ಬಿಡಿಸುವುದಿಲ್ಲ. ಕನ್ನಡದಲ್ಲಿ ನಾವು ಒಂದು ವಿಷಯದ ಬಗ್ಗೆ ಚರ್ಚಿಸುತ್ತೇವೆ. ಆ ‘ಬಗ್ಗೆ’ಯೇ ‘ಅಬೌಟ್’ ಆಗಿ ಇಂಗ್ಲಿಷಿನೊಳಗೆ ಕಾಲಿಡುತ್ತದೆಂಬುದು ಸಾಮಾನ್ಯವಾದ ವಿವರಣೆ. ಅದು ನಿಜವೇ. ಆದರೆ ಅಷ್ಟೇ ಬಲವಾದ ಇನ್ನೊಂದು ಕಾರಣ ಇಂಗ್ಲಿಷಿನೊಳಗೇ ಇದೆ. ‘ಡಿಸ್ಕಷನ್’ ಎಂಬ ನಾಮಪದಕ್ಕೆ ‘ಅಬೌಟ್’ ಅಥವಾ ‘ಆನ್’ ಬೇಕೇ ಬೇಕು. ಏಕೆಂದರೆ ನಾಮಪದವು ಕರ್ಮವನ್ನು ನೇರವಾಗಿ ಹೊರಲಾರದು. ಅಂತೆಯೇ ಕೋಟೆಯ ಮೇಲಣ ‘ಅಟ್ಯಾಕ್’ಗೆ ನಾಮಪದವಾದಾಗ ‘ಆನ್’ ಬರುತ್ತದೆ, ಕ್ರಿಯಾಪದವಾದಾಗ ಬರುವುದಿಲ್ಲ. ‘ರಿಕ್ವೆಸ್ಟ್’ ನಾಮಪದವಾದರೆ ‘ಫಾರ್’ ಉಂಟು, ಕ್ರಿಯಾಪದವಾದರೆ ಇಲ್ಲ. ‘ಎಂಫಸಿಸ್’ಗೆ ‘ಆನ್’ ಉಂಟು, ‘ಎಂಫಸೈಜ್’ಗೆ ಇಲ್ಲ. ‘ಇನ್ವೇಷನ್’ಗೆ ‘ಆವ್’ ಉಂಟು, ‘ಇನ್ವೇಡ್’ಗೆ ಯಾವುದೂ ಇಲ್ಲ. ಚರಿತ್ರೆಯ ಬರಹದಲ್ಲಿ ದಿನವೂ ಬೇಕಾಗುವ ಕ್ರಿಯಾಪದಗಳಲ್ಲಿ ಆಗುವ ತಪ್ಪುಗಳ ದೊಡ್ಡ ಪಾಲು ಈ ಒಂದೇ ಬಾಗಿಲಿನಿಂದ ಬರುತ್ತದೆ. ವಿದ್ಯಾರ್ಥಿಗಳಿಗೆ ನೂರು ಪ್ರಯೋಗಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಬದಲು ಈ ನಾಮ-ಕ್ರಿಯಾ ಭೇದವೊಂದನ್ನು ಮನಗಾಣಿಸುವುದು ಹೆಚ್ಚು ಫಲಕಾರಿಯೆಂದು ನಮ್ಮ ಅಭಿಪ್ರಾಯ. ‘ಕಂಪ್ರೈಸ್ ಆವ್’ ಎಂಬ ತಪ್ಪು ಮಾತ್ರ ಬೇರೆ ಜಾತಿಯದು: ಒಳಗೊಳ್ಳುವುದೆಂಬ ಅರ್ಥದ ‘ಕಂಪ್ರೈಸ್’ ಸಕರ್ಮಕ, ಕೂಡಿ ನಿಲ್ಲುವುದೆಂಬ ಮೂಲದ ‘ಕನ್ಸಿಸ್ಟ್’ ಅಕರ್ಮಕ. ಎರಡನ್ನೂ ಕಲಸಿದಾಗ ಒಂದರ ಅವ್ಯಯ ಇನ್ನೊಂದಕ್ಕೆ ಅಂಟುತ್ತದೆ.

ಇಂಗ್ಲಿಷರು ತಮ್ಮ ಭಾಷೆಯ ಈ ಸ್ವಭಾವವನ್ನು ಕುರಿತು ಯಾವಾಗ ಚಿಂತಿಸತೊಡಗಿದರು? ಲ್ಯಾಟಿನ್ನನ್ನು ಸಕಲ ಭಾಷೆಗಳಿಗೂ ಮೇಲ್ಪಂಕ್ತಿಯೆಂದು ಎಣಿಸಿದ ಕಾಲದಲ್ಲಿ, ಎಂಬುದು ಅವರ ದುರ್ದೈವ. ಪ್ರಿಪೊಸಿಷನ್ ಎಂಬ ಹೆಸರಿಗೇ ‘ಮುಂದೆ ಇಡಲ್ಪಟ್ಟುದು’ ಎಂದರ್ಥ. ಆದುದರಿಂದ ಅದು ವಾಕ್ಯದ ಕೊನೆಯಲ್ಲಿ ಬರಕೂಡದೆಂಬ ವಾದ ಹುಟ್ಟಿತು. ಕವಿ ಡ್ರೈಡನ್ ೧೬೭೨ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಬೆನ್ ಜಾನ್ಸನ್ನನ ನಾಟಕದ ಸಾಲೊಂದನ್ನೆತ್ತಿ, ಕೊನೆಯಲ್ಲಿ ಅವ್ಯಯವಿರುವುದು ದೋಷವೆಂದು ಖಂಡಿಸಿದನು. ೧೬೬೮ರಲ್ಲಿ ಮುದ್ರಣಗೊಂಡಿದ್ದ ನಾಟಕಕಾವ್ಯ ಕುರಿತ ತನ್ನ ಸ್ವಂತ ಪ್ರಬಂಧವನ್ನು ೧೬೮೪ರಲ್ಲಿ ಮತ್ತೆ ಅಚ್ಚುಮಾಡಿಸುವಾಗ ಅಂಥ ವಾಕ್ಯಗಳನ್ನೆಲ್ಲ ತಿದ್ದಲು ಯತ್ನಿಸಿದನು. ಆರು ನೂರು ವರ್ಷಗಳ ಜನಬಳಕೆಯನ್ನು ಒಬ್ಬ ಕವಿಯ ಸಂಕೋಚ ತಡೆಯಲಾರದಾಯಿತು. ಆದರೆ ಶಾಲೆಯ ಉಪಾಧ್ಯಾಯರ ಕೈಯಲ್ಲಿ ಅದೊಂದು ಬೆತ್ತವಾಯಿತು. ಮುಂದೆ ಲಂಡನ್ನಿನ ಬಿಷಪ್ಪನಾದ ರಾಬರ್ಟ್ ಲೌತ್ ೧೭೬೨ರ ತನ್ನ ವ್ಯಾಕರಣದಲ್ಲಿ ಇನ್ನೂ ವಿವೇಕದಿಂದ ಮಾತನಾಡಿದ್ದಾನೆ. ಆತನ ಪ್ರಕಾರ ಇದು ಆಡುಮಾತಿಗೂ ಸಲಿಗೆಯ ಬರಹಕ್ಕೂ ಒಪ್ಪುವಂಥದು; ಗಂಭೀರ ಶೈಲಿಗೆ ಅವ್ಯಯವನ್ನು ಮುಂದಿಡುವುದು ಹೆಚ್ಚು ಶೋಭೆ. ಆತನು ಇದನ್ನು ಹೇಳುವ ವಾಕ್ಯದಲ್ಲಿಯೇ ಅವ್ಯಯವೊಂದನ್ನು ಹಿಂದಕ್ಕೆ ಬಿಟ್ಟಿರುವುದು ಬುದ್ಧಿಪೂರ್ವಕವಾದ ಪರಿಹಾಸವಿರಬೇಕು.

ಇವರೆಲ್ಲರಿಗಿಂತ ನಮಗೆ ಉಪಕಾರಿಯಾದವನು ಸ್ಯಾಮ್ಯುಅಲ್ ಜಾನ್ಸನ್. ೧೭೫೫ರ ತನ್ನ ನಿಘಂಟುವಿನ ಮುನ್ನುಡಿಯಲ್ಲಿ ಆತನು, ಕ್ರಿಯಾಪದದ ಹಿಂದೆ ಅವ್ಯಯವನ್ನು ಸೇರಿಸಿ ಅರ್ಥವನ್ನು ಮಾರ್ಪಡಿಸುವ ಪದ್ಧತಿ ತನ್ನ ಭಾಷೆಯಲ್ಲಿರುವಷ್ಟು ಬೇರೆಡೆ ಇರಲಾರದೆಂದೂ, ಪರದೇಶೀಯರಿಗೆ ಅತ್ಯಂತ ಕಷ್ಟವನ್ನು ತರುವುದು ಇದೇ ಎಂದೂ ಸ್ಪಷ್ಟವಾಗಿ ಗುರುತಿಸಿ, ತಾನು ಅವುಗಳನ್ನು ಶ್ರಮಪಟ್ಟು ಸಂಗ್ರಹಿಸಿರುವುದಾಗಿ ತಿಳಿಸಿದ್ದಾನೆ. ‘ಟೇಕ್’ ಎಂಬ ಒಂದೇ ಕ್ರಿಯಾಪದಕ್ಕೆ ಆ ನಿಘಂಟುವಿನಲ್ಲಿ ನೂರಕ್ಕೂ ಮೀರಿದ ಅರ್ಥಗಳಿವೆ. ಪರಭಾಷೆಯವರ ಕಷ್ಟವನ್ನು ಅವರ ಮೂಢತೆಯೆನ್ನದೆ ತನ್ನ ಭಾಷೆಯ ವೈಲಕ್ಷಣ್ಯವೆಂದು ಒಪ್ಪಿಕೊಂಡ ಈ ಸೌಜನ್ಯ ಮುಂದಿನ ಶತಮಾನದವರಲ್ಲಿ ಕಡಮೆಯಾಯಿತು.

ಭಾರತದಲ್ಲಿ ೧೮೩೫ರ ಮಾರ್ಚಿಯಲ್ಲಿ ಬೆಂಟಿಂಕನ ಸರಕಾರವು ಇಂಗ್ಲಿಷ್ ವಿದ್ಯಾಭ್ಯಾಸಕ್ಕೆ ಹಣವನ್ನು ಮೀಸಲಿಡುವ ನಿರ್ಣಯವನ್ನು ಕೈಗೊಂಡಿತು. ೧೮೩೭ರ ಕಾಯಿದೆಯಿಂದ ನ್ಯಾಯಸ್ಥಾನಗಳಲ್ಲಿ ಪಾರಸಿಯ ಕಡ್ಡಾಯವನ್ನು ಕೈಬಿಡಲು ಅವಕಾಶವಾಯಿತು. ೧೮೫೭ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದುವು. ಮೈಸೂರಿನದು ಹುಟ್ಟಿದುದು ೧೯೧೬ರಲ್ಲಿ. ಇಂಗ್ಲಿಷಿನಲ್ಲಿ ಒಂದು ಅರ್ಜಿಯನ್ನು ತಪ್ಪಿಲ್ಲದೆ ಬರೆಯುವುದು ಅನ್ನದ ಪ್ರಶ್ನೆಯಾಯಿತು. ಆ ತಲೆಮಾರಿನವರು ಇಂಗ್ಲಿಷರ ಮಾತನ್ನು ಕೇಳಿ ಕಲಿತವರಲ್ಲ, ಮುಖ್ಯವಾಗಿ ಪುಸ್ತಕವನ್ನು ಓದಿ ಕಲಿತವರು. ಅವ್ಯಯಗಳಾದರೋ ಕಿವಿಯಿಂದ ಬರಬೇಕಾದ ವಿದ್ಯೆ. ‘ಸರೆಂಡರ್’ ಎಂಬುದನ್ನು ಪುಸ್ತಕ ಕಲಿಸಬಲ್ಲದು. ‘ಗಿವ್ ಇನ್’, ‘ಗಿವ್ ಅಪ್’, ‘ಗಿವ್ ವೇ’ ಎಂಬುವುಗಳ ಭೇದವನ್ನು ಮಾತಿನ ಒಡನಾಟವೇ ಕಲಿಸಬೇಕು. ನಮ್ಮವರು ಲ್ಯಾಟಿನ್ ಮೂಲದ ದೊಡ್ಡ ಕ್ರಿಯಾಪದಗಳಿಗೆ ಒಲಿದುದು ಆಡಂಬರಪ್ರೀತಿಯಿಂದಲೇ ಎಂದು ಹೇಳುವವರು ಈ ಕಾರಣವನ್ನು ಮರೆಯುತ್ತಾರೆ. ದೊಡ್ಡ ಪದದಲ್ಲಿ ತಪ್ಪು ಬೀಳುವ ಭಯ ಕಡಮೆ.

ಅದಕ್ಕೆ ದೊರೆತ ಪ್ರತಿಫಲ ಪರಿಹಾಸ. ‘ಬಾಬು ಇಂಗ್ಲಿಷ್’ ಎಂಬುದು ಆಂಗ್ಲೋ-ಇಂಡಿಯನ್ನರ ವಿನೋದವಾಯಿತು. ೧೮೯೭ರಲ್ಲಿ ಆನ್‌ಸ್ಟಿ ಎಂಬ ಕಾವ್ಯನಾಮದ ಲೇಖಕನು ಬಿ.ಎ. ಪದವೀಧರನಾದ ಬಾಬುವೊಬ್ಬನನ್ನೇ ನಾಯಕನನ್ನಾಗಿಸಿ ಹಾಸ್ಯಗ್ರಂಥವನ್ನು ಬರೆದನು. ೧೯೦೭ರಲ್ಲಿ ವಿಟ್‌ವರ್ತ್ ಎಂಬವನು ಭಾರತೀಯರು ಬರೆಯುವ ಇಂಗ್ಲಿಷಿನ ನುಡಿಗಟ್ಟಿನ ತಪ್ಪುಗಳನ್ನೇ ವಸ್ತುವನ್ನಾಗಿಟ್ಟುಕೊಂಡು ಒಂದು ಪುಸ್ತಕವನ್ನು ಪ್ರಕಟಿಸಿದನು. ತಪ್ಪುಗಳನ್ನು ಕೂಡಿಸಿ ಪರಿಶೀಲಿಸಿದುದರಿಂದ ವಿಟ್‌ವರ್ತ್‌ನ ಶ್ರಮ ಪ್ರಯೋಜನಕ್ಕೆ ಬಂದಿತು. ನಗುವುದರಿಂದ ಯಾರೂ ಅವ್ಯಯವನ್ನು ಕಲಿತಂತೆ ಕಾಣೆವು.

ನಿಜವಾದ ಸಹಾಯ ಬಂದುದು ಬೇರೊಂದು ದಿಕ್ಕಿನಿಂದ. ಲೋಗನ್ ಪಿಯರ್ಸಾಲ್ ಸ್ಮಿತ್ ೧೯೨೫ರಲ್ಲಿ, ಹೆನ್ರಿ ಬ್ರ್ಯಾಡ್ಲಿಯು ಸೂಚಿಸಿದ್ದ ‘ಫ್ರೇಸಲ್ ವರ್ಬ್’ ಎಂಬ ಹೆಸರನ್ನು ಪ್ರಚಾರಕ್ಕೆ ತಂದನು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಹಾರ್ನ್‌ಬಿಯು ಇಬ್ಬರು ಸಹೋದ್ಯೋಗಿಗಳೊಡನೆ ಸಿದ್ಧಗೊಳಿಸಿದ ನಿಘಂಟು ೧೯೪೨ರಲ್ಲಿ, ಆ ಎರಡು ದೇಶಗಳೂ ಪರಸ್ಪರ ಯುದ್ಧದಲ್ಲಿ ತೊಡಗಿದ್ದಾಗ, ಟೋಕಿಯೋದಲ್ಲಿ ಅಚ್ಚಾಯಿತು. ೧೯೪೮ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದವರು ಅದನ್ನು ಮತ್ತೆ ಹೊರತಂದರು. ಪ್ರತಿಯೊಂದು ಕ್ರಿಯಾಪದವೂ ಎಂಥ ರಚನೆಯನ್ನು ಬೇಡುತ್ತದೆಂಬುದನ್ನು ಅದರಲ್ಲಿ ಗುರುತು ಹಾಕಿ ತೋರಿಸಿದೆ. ಇಂಗ್ಲಿಷರಿಗಾಗಿ ಬರೆದ ನಿಘಂಟುಗಳಲ್ಲಿ ಇಂಥ ವಿವರ ಸಿಗದಿದ್ದುದು ಸಹಜ. ಮೀನಿಗೆ ಈಜು ಕಲಿಸುವವರುಂಟೆ? ಕೌವಿ ಮತ್ತು ಮ್ಯಾಕಿನ್ನರು ೧೯೭೫ರಲ್ಲಿ ಅವ್ಯಯಯುಕ್ತ ಕ್ರಿಯಾಪದಗಳಿಗೇ ಒಂದು ಸಂಪುಟವನ್ನು ಮೀಸಲಿಟ್ಟರು. ಅವ್ಯಯವು ನಿಜವಾದ ಪ್ರಿ‌ಪೊಸಿಷನ್ನೇ ಅಥವಾ ಕ್ರಿಯಾಪದದ ಅಂಗವಾದ ವಿಶೇಷಣವೇ ಎಂಬುದನ್ನು ಅರಿಯಲು ಸುಲಭವಾದ ಪರೀಕ್ಷೆಯೊಂದುಂಟು. ‘ಹಿಮ್’ ಎಂಬ ಸರ್ವನಾಮವನ್ನು ಸೇರಿಸಿ ನೋಡಬೇಕು. ‘ಕಾಲ್ ಆನ್ ಹಿಮ್’ ಎಂದು ಸರ್ವನಾಮ ಕೊನೆಯಲ್ಲಿ ನಿಂತರೆ ಅದು ಪ್ರಿಪೊಸಿಷನ್. ‘ಕಾಲ್ ಹಿಮ್ ಅಪ್’ ಎಂದು ನಡುವೆ ನುಸುಳಿದರೆ ವಿಶೇಷಣ.

ಇನ್ನು ತಪ್ಪು ಯಾವುದು, ಬದಲಾದ ಬಳಕೆ ಯಾವುದು ಎಂಬ ಪ್ರಶ್ನೆ. ‘ಡಿಫರೆಂಟ್’ ಎಂಬುದರ ತರುವಾಯ ‘ಫ್ರಂ’ ಮಾತ್ರವೇ ಬರಬೇಕೆಂಬುದು ಮೂಢನಂಬಿಕೆಯೆಂದು ಫೌಲರನು ೧೯೨೬ರಲ್ಲಿಯೇ ಬರೆದನು. ಬ್ರಿಟಿಷರು ‘ಪ್ರೊಟೆಸ್ಟ್ ಅಗೆನ್ಸ್ಟ್’ ಎನ್ನುವಲ್ಲಿ ಅಮೆರಿಕನ್ನರು ಅವ್ಯಯವಿಲ್ಲದೆಯೇ ತೀರ್ಪನ್ನು ಪ್ರತಿಭಟಿಸುತ್ತಾರೆ. ‘ಡಿಸ್ಕಸ್ ಅಬೌಟ್’ ನಮ್ಮ ದೇಶದ ಸೊತ್ತಲ್ಲ. ನೈಜೀರಿಯ, ಸಿಂಗಪುರಗಳ ಇಂಗ್ಲಿಷಿನಲ್ಲಿಯೂ ಅದು ಕೇಳಿಬರುತ್ತದೆ. ಬಹುಜನರ ಬಳಕೆ ನಾಳೆ ಅದನ್ನು ಸಾಧುವೆನಿಸಿದರೆ ಅಚ್ಚರಿಯಿಲ್ಲ, ‘ಥ್ಯಾಂಕ್ ಫಾರ್’ ಸಾಧುವಾದುದೂ ಹಾಗೆಯೇ. ಆದುದರಿಂದ ಚರಿತ್ರೆಯ ಉತ್ತರಪತ್ರಿಕೆಯಲ್ಲಿ ಇದೊಂದಕ್ಕಾಗಿ ಅಂಕಗಳನ್ನು ಕಳೆಯುವುದು ನಮಗೆ ಸಮ್ಮತವಲ್ಲ. ಸಂಶೋಧನ ಪ್ರಬಂಧದಲ್ಲಿಯಾದರೆ ತಿದ್ದಿಸಬೇಕು. ಅದರ ಓದುಗರು ಎಲ್ಲ ದೇಶದವರು. ಅರ್ಥ ಕೆಡದ ತಪ್ಪಿಗೂ ಅರ್ಥವನ್ನು ತಿರುವುಮುರುವಾಗಿಸುವ ತಪ್ಪಿಗೂ ಒಂದೇ ದಂಡನೆ ಸಲ್ಲದು. ಬಳ್ಳಾರಿ ಮೊದಲಾದ ದತ್ತಮಂಡಲಗಳನ್ನು ೧೮೦೦ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟನು. ‘ಸೀಡ್’ ಎಂಬ ಕ್ರಿಯಾಪದದೊಡನೆ ‘ಬೈ’ ಮತ್ತು ‘ಟು’ ಅದಲುಬದಲಾದರೆ ಕಂಪನಿಯೇ ಬಳ್ಳಾರಿಯನ್ನು ನಿಜಾಮನಿಗೆ ದಾನಮಾಡಿದಂತಾಗುತ್ತದೆ. ಅಲ್ಲಿ ಅಂಕವನ್ನು ಕಳೆಯಲೇಬೇಕು.

ಬರೆಯುವುದಕ್ಕಿಂತ ಓದುವುದರಲ್ಲಿರುವ ಅಪಾಯ ಹೆಚ್ಚು ಸೂಕ್ಷ್ಮವಾದುದು. ಕಂಪನಿಯ ಕಾಲದ ಪತ್ರಗಳಲ್ಲಿಯೂ ಯುದ್ಧವರದಿಗಳಲ್ಲಿಯೂ ಬರುವ ಅವ್ಯಯಯುಕ್ತ ಕ್ರಿಯಾಪದಗಳಿಗೆ ಅಂದಿದ್ದ ಅರ್ಥವೇ ಇಂದೂ ಇದೆಯೆಂದು ಭಾವಿಸಕೂಡದು. ಅಧಿಕಾರಿಯೊಬ್ಬನು ನವಾಬನನ್ನು ‘ವೇಟ್ ಅಪಾನ್’ ಮಾಡಿದನೆಂದರೆ ಆತನಿಗಾಗಿ ಕಾದು ಕುಳಿತನೆಂದಲ್ಲ, ಮರ್ಯಾದೆಯಿಂದ ಭೇಟಿಯಿತ್ತನೆಂದರ್ಥ. ಕಾವಲುದಳವೊಂದು ‘ಕಟ್ ಆಫ್’ ಆಯಿತೆಂದರೆ ಸಂಪರ್ಕ ಕಡಿಯಿತೆಂದಷ್ಟೇ ಆಗಿರಬೇಕಾಗಿಲ್ಲ. ಆ ಕಾಲದ ಬರಹಗಳಲ್ಲಿ ಅನೇಕ ಕಡೆ ಅದಕ್ಕೆ ಹತವಾಯಿತೆಂದೇ ಅರ್ಥ. ಶತ್ರುವಿನ ಬಿಡಾರವನ್ನು ‘ಬೀಟ್ ಅಪ್’ ಮಾಡುವುದೆಂದರೆ ಅನಿರೀಕ್ಷಿತವಾಗಿ ಮೇಲೆ ಬೀಳುವುದು. ‘ಮೇಕ್ ಓವರ್’ ಎಂದರೆ ಹಸ್ತಾಂತರ. ಒಬ್ಬ ಅರಸನೊಡನೆ ‘ಟ್ರೀಟ್ ವಿತ್’ ಮಾಡುವುದು ಸಂಧಾನ, ‘ವಿತ್’ ಬಿಟ್ಟರೆ ಉಪಚಾರ. ಸೈನ್ಯವು ಕೋಟೆಯನ್ನು ‘ಎಂಟರ್’ ಮಾಡುತ್ತದೆ. ೧೭೯೮ರಲ್ಲಿ ನಿಜಾಮನು ಸಹಾಯಕ ಸೈನ್ಯದ ಕೌಲನ್ನು ‘ಎಂಟರ್ ಇನ್‌ಟು’ ಮಾಡಿದನು. ಇವೆಲ್ಲಕ್ಕಿಂತ ಮೋಸಗೊಳಿಸುವುದು ‘ಫಾಲ್ ಇನ್ ವಿತ್’ ಎಂಬುದು. ಇಂದಿನ ಬಳಕೆಯಲ್ಲಿ ಅದಕ್ಕೆ ಒಬ್ಬರ ಜೊತೆ ಸೇರಿಕೊಳ್ಳುವುದು, ಒಬ್ಬರ ಮಾತಿಗೆ ಒಪ್ಪುವುದು ಎಂಬರ್ಥಗಳಿವೆ. ಹದಿನೆಂಟನೆಯ ಶತಮಾನದ ಸೇನಾನಿಯೊಬ್ಬನು ತಾನು ಮೈಸೂರಿನ ಕುದುರೆಸವಾರರೊಡನೆ ‘ಫಾಲ್ ಇನ್’ ಆದುದಾಗಿ ಬರೆದರೆ ದಾರಿಯಲ್ಲಿ ಅಕಸ್ಮಾತ್ತಾಗಿ ಅವರು ಎದುರಾದರೆಂದು ಮಾತ್ರ ಅರ್ಥ; ಮುಂದಿನ ಸಾಲಿನಲ್ಲಿ ಗುಂಡಿನ ಸುರಿಮಳೆಯಾಗುವುದು ಸಂಭವ. ಇಂದಿನ ಅರ್ಥವನ್ನು ಅಲ್ಲಿಗೆ ಕೊಂಡೊಯ್ದ ವಿದ್ಯಾರ್ಥಿಯು ಒಬ್ಬ ನಿಷ್ಠಾವಂತನನ್ನು ಪಕ್ಷಾಂತರಿಯನ್ನಾಗಿ ಮಾಡಿಬಿಟ್ಟಾನು.

‘ವಿತ್’ ಎಂಬುದರ ಇಬ್ಬಗೆಯ ಚರಿತ್ರೆಯೂ ಇಂಥದೇ ತೊಡಕನ್ನು ಒಡ್ಡುತ್ತದೆ. ಮರಾಠರು ಇಂಗ್ಲಿಷರ ‘ವಿತ್’ ಯುದ್ಧಮಾಡಿದರೆಂಬ ವಾಕ್ಯ ೧೭೭೫ರಿಂದ ೧೭೮೨ರವರೆಗಿನ ಯುದ್ಧವನ್ನು ಕುರಿತದ್ದಾದರೆ ಇಂಗ್ಲಿಷರು ಶತ್ರುಗಳು. ಟಿಪ್ಪುವು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟ ೧೭೯೨ರ ಒಪ್ಪಂದಕ್ಕೆ ಹಿಂದಿನ ಯುದ್ಧವನ್ನು ಕುರಿತದ್ದಾದರೆ ಅವರೇ ಮಿತ್ರರು. ಕನ್ನಡದಲ್ಲಿ ಇಂಗ್ಲಿಷರೊಡನೆ ಯುದ್ಧಮಾಡಿದರು ಎಂದರೆ ವೈರವೇ ಮೊದಲು ಹೊಳೆಯುತ್ತದೆ. ಮೈತ್ರಿಯನ್ನು ಹೇಳಲು ‘ಇಂಗ್ಲಿಷರೊಡನೆ ಸೇರಿ’ ಎಂದು ನಾವು ತಾನಾಗಿಯೇ ಸೇರಿಸುತ್ತೇವೆ. ಇಂಗ್ಲಿಷಿನಲ್ಲಿಯೂ ಅದೇ ಎಚ್ಚರಿಕೆ ಬೇಕು. ವೈರವಾದರೆ ‘ಅಗೆನ್ಸ್ಟ್’ ಎಂದೂ, ಮೈತ್ರಿಯಾದರೆ ‘ಅಲಾಂಗ್‌ಸೈಡ್’ ಎಂದೂ ಬರೆಯುವಂತೆ ನಮ್ಮ ವಿದ್ಯಾರ್ಥಿಗಳಿಗೆ ತಿಳಿಸುತ್ತಿದ್ದೇವೆ. ಹಳೆಯ ಪತ್ರದಲ್ಲಿ ಬರಿಯ ‘ವಿತ್’ ಎದುರಾದರೆ ಇಸವಿಯನ್ನು ನೋಡದೆ ಅನುವಾದಿಸಕೂಡದೆಂದೂ ಹೇಳುತ್ತಿದ್ದೇವೆ.